ಮಗನಿಗೆ ಇಸುಬು, ಲಂಡನ್–ಇಟಲಿಗೆ ಹೊರಟಿದ್ದೇವೆ: ಬಟ್ಟೆ ಪುಡಿ ಇಲ್ಲಿಂದಲೇ ಒಯ್ಯಬೇಕಾ?

ಮುಲುಂಡ್ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಇರುವುದು ಮುಲುಂಡ್‌ನಲ್ಲಿ, ಊರು ಕುಂದಾಪುರದ ಕಡೆ. ಮೇ ರಜೆಗೆ ಲಂಡನ್‌ನ ಹ್ಯಾರೋದಲ್ಲಿರುವ ಮೈದುನನ ಮನೆಗೆ ಹೋಗಿ, ಅಲ್ಲಿಂದ ಸ್ವಿಟ್ಜರ್ಲೆಂಡ್, ಇಟಲಿ ಸುತ್ತಿಕೊಂಡು ಬರುವ ಪ್ಲಾನ್ ಇದೆ. ಎರಡನೇ ಕ್ಲಾಸಿನ ಮಗನಿಗೆ ಇಸುಬು. ಮೊಣಕೈ ಮಡಿಕೆ, ಮೊಣಕಾಲಿನ ಹಿಂದೆ, ಸ್ವಲ್ಪ ಕುತ್ತಿಗೆ. ಹಗಲು ಹೇಗೋ ತಡೆದುಕೊಳ್ಳುತ್ತಾನೆ, ರಾತ್ರಿ ನಿದ್ದೆಯಲ್ಲಿ ಒಂದು ಕಾಲಿನ ಹಿಮ್ಮಡಿಯಿಂದ ಇನ್ನೊಂದು ಕಾಲನ್ನು ಉಜ್ಜುತ್ತಲೇ ಇರುತ್ತಾನೆ, ಬೆಳಗ್ಗೆ ನೋಡಿದರೆ ಬೆಡ್‌ಶೀಟ್ ಮೇಲೆ ಸಣ್ಣ ಸಣ್ಣ ರಕ್ತದ ಚುಕ್ಕೆ.

ಈಗ ಹತೋಟಿಯಲ್ಲಿದೆ. ಡಾಕ್ಟರ್ ಹೇಳಿದ ಹಾಗೆ ಪರಿಮಳ ಇಲ್ಲದ ಲಿಕ್ವಿಡ್ ತರಿಸುತ್ತೇವೆ, ಮನೆಗೆಲಸದ ಬಾಯಿ ಅವನ ಬಟ್ಟೆಯನ್ನು ಬೇರೆ ಬಕೆಟ್‌ನಲ್ಲಿ ಎರಡು ಸಲ ಜಾಲಿಸುತ್ತಾರೆ. ಅಲ್ಲಿ ಇದೆಲ್ಲ ಹೇಗೆ? ಹೋಟೆಲ್ ಶೀಟಿಗೆ ಏನು ಹಾಕಿ ಒಗೆದಿರುತ್ತಾರೋ ಗೊತ್ತಾಗಲ್ಲ. ಇನ್ನೊಂದು ವಿಷಯ, ಸ್ವಲ್ಪ ಸೂಕ್ಷ್ಮದ್ದು. ನನ್ನ ಓರಗಿತ್ತಿಗೆ ಘಮಘಮ ಅನ್ನುವ ಬಟ್ಟೆ ಅಂದ್ರೆ ಪ್ರಾಣ. ಕಳೆದ ಸಲ ಅವರು ಇಲ್ಲಿಗೆ ಬಂದಾಗ ಸೂಟ್‌ಕೇಸ್ ತೆರೆದರೆ ಇಡೀ ರೂಮಿಗೇ ವಾಸನೆ. ಅವರ ಮನೆಯಲ್ಲೇ ಉಳಿದುಕೊಂಡು ನಿಮ್ಮ ಶೀಟ್ ಬೇಡ ಅಂತ ಹೇಗೆ ಹೇಳುವುದು?

ಪುಣೆಯ ಧಾರವಾಡಿ

ಅಕ್ಕಾ, ನನಗೂ ಚಿಕ್ಕಂದಿನಿಂದ ಇದೇ ಕಾಟ. ಆಫೀಸಿನವರು ಜರ್ಮನಿಗೆ ಕಳಿಸುತ್ತಿರುತ್ತಾರೆ, ಹಾಗಾಗಿ ಈ ವಿಷಯದಲ್ಲಿ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಇಲ್ಲಿಂದ ಒಯ್ಯುವುದಾದರೆ ಈಗ ಬಳಸುವ ಆ ಲಿಕ್ವಿಡ್ ಮಾತ್ರ ಒಯ್ಯಿರಿ. ಚಿಕ್ಕ ಬಾಟಲಿಗೆ ಹಾಕಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಚೆಕ್-ಇನ್ ಬ್ಯಾಗಿನಲ್ಲಿಡಿ, ಕೈಚೀಲದಲ್ಲಿ 100 ಎಂಎಲ್ ದಾಟಿದರೆ ಸೆಕ್ಯುರಿಟಿಯಲ್ಲೇ ತೆಗೆದಿಡುತ್ತಾರೆ. ನಮ್ಮ ಬಕೆಟ್ ಪುಡಿಯನ್ನಂತೂ ಒಯ್ಯಲೇಬೇಡಿ. ಅಲ್ಲಿ ಮನೆಗಳಲ್ಲಿ ಇರುವುದು ಹೆಚ್ಚಾಗಿ ಫ್ರಂಟ್ ಲೋಡ್ ಮೆಷಿನ್, ನೀರು ಕಮ್ಮಿ ತೆಗೆದುಕೊಳ್ಳುತ್ತದೆ. ಕೈಯಲ್ಲಿ ಒಗೆಯುವ ಪುಡಿ ಹಾಕಿದರೆ ನೊರೆ ಉಕ್ಕಿ ಉಕ್ಕಿ ಬರುತ್ತದೆ, ಜಾಲಿಸಿದ್ದು ಸಾಲಲ್ಲ, ಪುಡಿ ಬಟ್ಟೆಯಲ್ಲೇ ಉಳಿಯುತ್ತದೆ. ಚರ್ಮಕ್ಕೆ ತೊಂದರೆ ಕೊಡುವುದು ಹೀಗೆ ಉಳಿದದ್ದೇ.

ಲಂಡನ್ ಅಂಗಡಿಯಲ್ಲಿ 'ಬಯೋ', 'ನಾನ್ ಬಯೋ' ಅಂತ ಎರಡು ಥರ ಸಿಗುತ್ತದೆ. ಬಯೋದಲ್ಲಿ ಎಂಜೈಮ್ ಇರುತ್ತದೆ, ರಕ್ತ, ಹಾಲು, ಎಣ್ಣೆಯ ಕಲೆ ತೆಗೆಯಲು. ಚರ್ಮದ ತೊಂದರೆ ಇದ್ದವರಿಗೆ ನಾನ್ ಬಯೋನೇ ಅಂತ ಅಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ಪುಡಿಯಲ್ಲಿರುವ ಎಂಜೈಮಿನಿಂದ ಚರ್ಮ ಕೆರಳುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಇನ್ನೊಂದು ತಮಾಷೆ ನೋಡಿ, ಮಗುವಿನ ಚಿತ್ರ ಹಾಕಿ ಮಾರುವ ಎಷ್ಟೋ ನಾನ್ ಬಯೋದಲ್ಲಿ ಪರಿಮಳ ಬೇಕಾದಷ್ಟು ಇರುತ್ತದೆ! ಇಸುಬು ಇರುವವರು ನೋಡಬೇಕಾದದ್ದು ಅದನ್ನೇ. ಪರಿಮಳ ಇಲ್ಲದ್ದು ಬೇಕಿದ್ದರೆ ಅಲ್ಲಿ ಸರ್‌ಕೇರ್, ಎಕೋವರ್ ಝೀರೋ ಅಂತ ಸಿಗುತ್ತದೆ. 'ಅನ್‌ಸೆಂಟೆಡ್' ಅಂತ ಬರೆದಿದ್ದರೆ ಅಷ್ಟಕ್ಕೇ ನಂಬಬೇಡಿ, ಒಂದು ವಾಸನೆ ಮುಚ್ಚಲು ಇನ್ನೊಂದು ಹಾಕಿರುವುದೂ ಉಂಟು. 'ಫ್ರೇಗ್ರೆನ್ಸ್ ಫ್ರೀ' ಅಂತ ಇರಬೇಕು.

ಲಿಕ್ವಿಡ್ ಕೆಡದಿರಲು ಅದಕ್ಕೆ ಪ್ರಿಸರ್ವೇಟಿವ್ ಹಾಕುತ್ತಾರೆ. ಅದರಲ್ಲಿ ಮೀಥೈಲ್‌ಐಸೋಥಯಾಜೊಲಿನೋನ್ ಅಂತ ಒಂದು, ಹೇಳುವಷ್ಟರಲ್ಲಿ ನಾಲಿಗೆ ಹೊರಳಲ್ಲ, ಅದು ಎಷ್ಟೋ ಜನರಿಗೆ ಅಲರ್ಜಿ. ಮೈಗೆ ಹಚ್ಚಿ ಹಾಗೇ ಬಿಡುವ ಕ್ರೀಮುಗಳಲ್ಲಿ ಅದನ್ನು ಹಾಕಬಾರದು ಅಂತ ಯುರೋಪಿನಲ್ಲಿ ನಿಷೇಧವೇ ಇದೆ. ಪುಡಿಗೆ ಅದು ಬೇಕಾಗಲ್ಲ. ಹೊಸದು ಕೊಳ್ಳುವಾಗ ಇದು ನೆನಪಿರಲಿ.

ಮೆಷಿನ್ ಡ್ರಾಯರ್ ಎಳೆದರೆ ಹೂವಿನ ಗುರುತು ಇರುವ ಖಾನೆ ಕಾಣುತ್ತದೆ. ಅದು ಸಾಫ್ಟನರ್ ಹಾಕುವ ಜಾಗ. ಅದನ್ನು ಖಾಲಿ ಬಿಡಬೇಕು, ಹಳೆಯದು ಅಂಟಂಟಾಗಿ ಉಳಿದಿದ್ದರೆ ಬಿಸಿನೀರಲ್ಲಿ ತೊಳೆಯಬೇಕು. ಆಮೇಲೆ ಎಕ್ಸ್‌ಟ್ರಾ ರಿನ್ಸ್ ಬಟನ್ ಒತ್ತಿ.

ಇಟಲಿಯಲ್ಲಿ ಹುಷಾರು. ಕಾಯಿನ್ ಹಾಕಿ ನಾವೇ ಒಗೆದುಕೊಳ್ಳುವ ಅಂಗಡಿಗಳಿವೆಯಲ್ಲ, ಅಲ್ಲಿ ಹೆಚ್ಚಿನ ಕಡೆ ಸೋಪು, ಸಾಫ್ಟನರ್ ಎರಡನ್ನೂ ಮೆಷಿನ್ ತಾನೇ ಹಾಕಿಕೊಳ್ಳುತ್ತದೆ. ನೀವು ನಿಮ್ಮದನ್ನು ಹಿಡಿದುಕೊಂಡು ನಿಂತಿದ್ದರೂ ಅದು ಕೇಳಲ್ಲ. ಅಡುಗೆಮನೆ, ಮೆಷಿನ್ ಇರುವ ಮನೆ ಬಾಡಿಗೆಗೆ ಸಿಕ್ಕರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಮಗನ ಬನಿಯನ್, ಪೈಜಾಮ ಮಾತ್ರ ಬೇಸಿನ್‌ನಲ್ಲಿ ಕೈಯಲ್ಲೇ ಒಗೆಯಿರಿ.

ವಾಸ್ಕೋ ಶೆಟ್ರು

ಇಷ್ಟೆಲ್ಲ ತಲೆಬಿಸಿ ಯಾಕೆ ಮಾರಾಯ್ರೇ. ಅಂಟುವಾಳ ಕಾಯಿ ಒಯ್ಯಿರಿ. ನಮ್ಮ ಅಜ್ಜಿ ಕಾಲದಿಂದ ಅದೇ ಅಲ್ವಾ? ಗೋವಾ ಮಾರ್ಕೆಟಿನಲ್ಲೂ ರೀಠಾ ಅಂತ ಕೇಳಿದರೆ ಕೊಡುತ್ತಾರೆ. ಕುದಿಸಿ ಸೋಸಿದರೆ ಆಯಿತು, ಯಾವ ಕೆಮಿಕಲ್ಲೂ ಇಲ್ಲ.

ಪುಣೆಯ ಧಾರವಾಡಿ

ಶೆಟ್ಟರೇ, ರೇಷ್ಮೆ ಸೀರೆಗೆ ಅದಕ್ಕಿಂತ ಒಳ್ಳೆಯದಿಲ್ಲ, ಒಪ್ಪಿದೆ. ಆದರೆ ಇಸುಬಿನ ಮಗುವಿನ ಬಟ್ಟೆಯಲ್ಲಿ ಇರುವುದು ಮುಲಾಮಿನ ಜಿಡ್ಡು. ಅಂಟುವಾಳಕ್ಕೆ ಅದು ಬಗ್ಗಲ್ಲ. ಅದರ ನೊರೆ ಕಣ್ಣಿಗೆ ಬಿದ್ದರೆ ಎಷ್ಟು ಉರಿಯುತ್ತದೆ ಅಂತ ಅಜ್ಜಿ ಕೈಯಲ್ಲಿ ತಲೆ ತೊಳೆಸಿಕೊಂಡವರಿಗೆಲ್ಲ ಗೊತ್ತು, ಆದ್ದರಿಂದ ಅದು ಸೌಮ್ಯ ಅಂತ ಸುಮ್ನೆ ಹೇಳುವಂತಿಲ್ಲ. ಹೋಟೆಲ್ ರೂಮಿನಲ್ಲಿ ಅದನ್ನು ಕುದಿಸುವುದು ಎಲ್ಲಿ, ಟೀ ಕೆಟಲ್‌ನಲ್ಲಾ?

ವಾಸ್ಕೋ ಶೆಟ್ರು

ಕೆಟಲ್ ಮಾತು ಸರಿ, ಸೋತೆ 😄

ಮಾಟುಂಗಾ ಮೆಡಿಕಲ್

ನಾನು ಫಾರ್ಮಸಿಸ್ಟ್, ಚರ್ಮದ ಡಾಕ್ಟರ್ ಅಲ್ಲ, ಹಾಗಾಗಿ ಔಷಧದ ವಿಷಯ ನಿಮ್ಮ ಡಾಕ್ಟರನ್ನೇ ಕೇಳಿ. ಆದರೆ ಒಂದು ಮಾತು ಹೇಳಲೇಬೇಕು. ಬಟ್ಟೆ ಪುಡಿಗೆ ಸಿಗುವ ಬೈಗುಳ ಅದಕ್ಕೆ ಸಲ್ಲಬೇಕಾದ್ದಕ್ಕಿಂತ ಜಾಸ್ತಿ. ಊರು ಬಿಟ್ಟು ಹೋದಾಗ ಇಸುಬು ಕೆರಳಿದರೆ ಎಲ್ಲರೂ ಮೊದಲು ಅದನ್ನೇ ಹಿಡಿದುಕೊಳ್ಳುತ್ತಾರೆ. ವಿಮಾನದ ಒಳಗಿನ ಗಾಳಿ ಎಷ್ಟು ಒಣ ಅಂದರೆ ದೊಡ್ಡವರ ತುಟಿಯೇ ಒಡೆಯುತ್ತದೆ. ಮುಂಬೈ ಬೆವರಿಗೆ ಹೊಂದಿಕೊಂಡ ಚರ್ಮ ಸ್ವಿಸ್ ಬೆಟ್ಟದ ಚಳಿಗೆ ಹೋಗುತ್ತದೆ. ಮೈಮೇಲೆ ಉಣ್ಣೆ ಬರುತ್ತದೆ. ಹೋಟೆಲಿನಲ್ಲಿ ಬಿಸಿನೀರು ಸಿಕ್ಕಿತು ಅಂತ ಮಗು ಅರ್ಧ ಗಂಟೆ ಶವರ್ ಕೆಳಗೆ ನಿಲ್ಲುತ್ತದೆ. ಇಷ್ಟೆಲ್ಲ ಆದಮೇಲೆ ಬೈಸಿಕೊಳ್ಳುವುದು ಪುಡಿ!

ಇನ್ನು ನೀರು. ನಮ್ಮ ಮುಂಬೈಗೆ ಬರುವುದು ತಾನ್ಸಾ, ವೈತರಣಾ, ಭಾತ್ಸಾ ಕಡೆಯ ಮಳೆನೀರು, ಮೆದು. ಲಂಡನ್ನಿನದು ಗಡಸು ನೀರು, ಕೆಟಲ್ ಒಳಗೆ ಬಿಳಿ ಸುಣ್ಣ ಕಟ್ಟುತ್ತದೆ. ಗಡಸು ನೀರಿನಲ್ಲಿ ಸೋಪು ಸರಿಯಾಗಿ ನೊರೆ ಬರಲ್ಲ, ಅದಕ್ಕೇ ಜನ ಇನ್ನೊಂದು ಮುಚ್ಚಳ ಜಾಸ್ತಿ ಸುರಿಯುತ್ತಾರೆ, ಉಳಿಯುವುದೂ ಜಾಸ್ತಿ. ಹಾಗಂತ ಮೈದುನನಿಗೆ ನೀರು ಮೆದು ಮಾಡುವ ಯಂತ್ರ ಹಾಕಿಸು ಅನ್ನಬೇಡಿ. ಇಸುಬು ಇದ್ದ 336 ಮಕ್ಕಳ ಮನೆಗಳನ್ನು ತೆಗೆದುಕೊಂಡು ಇಂಗ್ಲೆಂಡಿನಲ್ಲೇ ಪರೀಕ್ಷೆ ಮಾಡಿದ್ದಾರೆ, 2011ರಲ್ಲಿ ಫಲಿತಾಂಶ ಬಂತು, ಅಂಥ ಯಂತ್ರದಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಸ್ನಾನ ಬೇಗ ಮುಗಿಸಿ, ಉಗುರುಬೆಚ್ಚಗಿನ ನೀರು ಸಾಕು, ಒರೆಸಿದ ತಕ್ಷಣ ಮೈ ಹಸಿಯಿರುವಾಗಲೇ ಕ್ರೀಮ್ ದಪ್ಪಗೆ ಹಚ್ಚಿ. ವಿಮಾನದಲ್ಲೂ ಹಚ್ಚಲು ಚಿಕ್ಕ ಟ್ಯೂಬ್ ಕೈಯಲ್ಲಿರಲಿ.

ಸ್ಟೀರಾಯ್ಡ್ ಮುಲಾಮು ಕೊಟ್ಟಿದ್ದರೆ ಚೀಟಿ ಸಮೇತ ಕೈಚೀಲದಲ್ಲೇ ಇಡಿ, ಬ್ಯಾಗ್ ಕಳೆದುಹೋದರೆ ಪರದಾಡಬೇಕಾಗುತ್ತದೆ. ಮತ್ತೆ ದಯವಿಟ್ಟು ಹೊರಡುವ ಮುಂಚೆ ಯಾವುದೋ ಅಂಗಡಿಯಲ್ಲಿ 'ತುರಿಕೆಗೆ ಏನಾದ್ರೂ ಕೊಡಿ' ಅಂತ ಟ್ಯೂಬ್ ತಗೋಬೇಡಿ. ಸ್ಟೀರಾಯ್ಡ್, ಹುಳುಕಡ್ಡಿ ಔಷಧ, ಆಂಟಿಬಯೋಟಿಕ್ ಮೂರನ್ನೂ ಕಲಸಿದ ಟ್ಯೂಬುಗಳನ್ನು ನಮ್ಮ ಕಡೆ ಕಡಲೆಪುರಿಯಂತೆ ಮಾರುತ್ತಾರೆ. ಮಗುವಿಗೆ ಅದು ಬೇಡ.

ಒಂದು ಎಚ್ಚರಿಕೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಪ್ಯಾರಾಫಿನ್ (ವ್ಯಾಸಲೀನ್‌ನಂಥ ಜಿಡ್ಡು) ಇರುವ ಮುಲಾಮು ಬಟ್ಟೆ, ಶೀಟಿಗೆ ಹೀರಿಕೊಂಡು ಒಣಗಿದ್ದರೆ ಬೆಂಕಿ ತಾಗಿದ ಕೂಡಲೇ ಹತ್ತಿಕೊಳ್ಳುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಕರು 2018ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿದ್ದಾರೆ. ಬಿಸಿನೀರಲ್ಲಿ ಒಗೆದರೆ ಕಮ್ಮಿಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ದೇವರ ದೀಪ, ಗ್ಯಾಸ್ ಒಲೆ ಹತ್ತಿರ ಆ ಪೈಜಾಮದಲ್ಲಿ ಮಗನನ್ನು ಬಿಡಬೇಡಿ.

ಮುಲುಂಡ್ ಅಮ್ಮ

ಇಷ್ಟು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಬೆಂಕಿ ವಿಷಯ ನಿಜಕ್ಕೂ ಗೊತ್ತಿರಲಿಲ್ಲ, ಅವನ ಪೈಜಾಮ ಒಗೆದಮೇಲೂ ಜಿಡ್ಡುಜಿಡ್ಡೇ ಇರುತ್ತದೆ. ಲಿಕ್ವಿಡ್‌ನಲ್ಲಿ ಆ ಉದ್ದ ಹೆಸರಿನದ್ದು ಇದೆಯಾ ಅಂತ ಈಗಲೇ ಬಾಟಲಿ ತಿರುಗಿಸಿ ನೋಡಿದೆ, ಇಲ್ಲ. ಓರಗಿತ್ತಿ ವಿಷಯಕ್ಕೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ 🙂

ಠಾಣೆ ಮಾಮಿ

ಅದಕ್ಕೆ ನಾನು ಹೇಳುತ್ತೇನಮ್ಮ, ಗಂಡಸರ ಕೈಲಿ ಆಗುವ ಕೆಲಸ ಅಲ್ಲ. ಅಲ್ಲಿಗೆ ಹೋದಮೇಲೆ ಹೇಳಬೇಡ, ಅವಳು ಶೀಟ್ ಒಗೆದು ಹಾಸಿ ರೆಡಿ ಮಾಡಿಟ್ಟ ಮೇಲೆ ಹೇಳಿದರೆ ಯಾರಿಗಾದರೂ ಮನಸ್ಸಿಗೆ ನಾಟುತ್ತದೆ. ಈಗಲೇ ಫೋನ್ ಮಾಡು. 'ಡಾಕ್ಟರ್ ಪರಿಮಳ ಇರುವುದು ಪೂರ್ತಿ ಬೇಡ ಅಂದಿದ್ದಾರೆ, ಅಲ್ಲಿ ಪರಿಮಳ ಇಲ್ಲದ ಪುಡಿ ಯಾವ ಅಂಗಡಿಯಲ್ಲಿ ಸಿಗುತ್ತದೆ, ನೀನೇ ಒಂದು ಡಬ್ಬ ತಂದಿಡು, ದುಡ್ಡು ಕೊಡುತ್ತೇನೆ' ಅಂತ ಅವಳಿಗೇ ಕೆಲಸ ಒಪ್ಪಿಸು. ದುಡ್ಡು ಅವಳು ತಗೊಳ್ಳಲ್ಲ, ಬದಲಿಗೆ ಇಲ್ಲಿಂದ ಹಪ್ಪಳ, ಉಪ್ಪಿನಕಾಯಿ ಒಯ್ಯಿ. ಆಮೇಲೆ ಮಗನಿಗೆ ಅಂತ ಹಳೇ, ಮೆತ್ತಗಿನ ಹತ್ತಿ ಶೀಟ್ ಒಂದು, ದಿಂಬಿನ ಚೀಲ ಎರಡು ನಿನ್ನ ಬ್ಯಾಗಿನಲ್ಲೇ ಇರಲಿ. ಹೋಟೆಲಿಗೂ ಅದೇ ಆಗುತ್ತದೆ, ಅವರ ಶೀಟಿನ ಮೇಲೆ ಹಾಸಿದರೆ ಮುಗಿಯಿತು. ಅಲ್ಲಿ ಕೊಂಡ ಹೊಸ ಬಟ್ಟೆಯನ್ನು ಒಗೆಯದೆ ತೊಡಿಸಬೇಡ.

ಮುಲುಂಡ್ ಅಮ್ಮ

ಮಾಮಿ, ಇವತ್ತು ರಾತ್ರಿಯೇ ಫೋನ್ ಮಾಡುತ್ತೇನೆ, ಅಲ್ಲಿ ಮಧ್ಯಾಹ್ನ ಆಗಿರುತ್ತದೆ. ಧಾರವಾಡಿ ಅಣ್ಣ, ಇಟಲಿಯಲ್ಲಿ ಮೆಷಿನ್ ಇರುವ ಮನೆ ಹುಡುಕಲು ಯಜಮಾನರಿಗೆ ಹೇಳಿದ್ದೇನೆ, ಸಿಗದಿದ್ದರೆ ಬೇಸಿನ್ನೇ ಗತಿ.