ವಾಸಿಯಾಗದ ಗಾಯಕ್ಕೆ ಕೋಲ್ಡ್ ಪ್ಲಾಸ್ಮಾ: ಮಾಡಿಸಿಕೊಂಡವರು ಯಾರಾದರೂ ಇದ್ದೀರಾ?

ಹಿರಿಮಗಳು: ಅಮ್ಮನಿಗೆ 71. ಎಡಗಾಲಿನ ಹರಡಿನ ಮೇಲೆ ವೆರಿಕೋಸ್ ಹುಣ್ಣು, ಏಳು ತಿಂಗಳಾಯಿತು. ವಾರಕ್ಕೆ ಮೂರು ಸಲ ಕೋಲ್ಡ್ ಪ್ಲಾಸ್ಮಾ ಕೊಟ್ಟು ನೋಡೋಣ ಅಂದಿದ್ದಾರೆ ಡಾಕ್ಟರು. ಕರೆಂಟಿನಿಂದ ಕೆರಳಿಸಿದ ಅನಿಲವನ್ನು ಗಾಯಕ್ಕೆ ತಾಗಿಸುವ ಚಿಕಿತ್ಸೆಯಂತೆ. ಅಮ್ಮನಿಗೆ ಪೇಸ್‌ಮೇಕರ್ ಇದೆ. ನೋವಾಗುತ್ತಾ? ಎಷ್ಟು ಸಲ ಬೇಕಾಯಿತು? ಅನುಭವ ಇರುವವರು ದಯವಿಟ್ಟು ಹೇಳಿ.

ಹೆಬ್ಬೆರಳು: ನನ್ನದು ಶುಗರ್ ಗಾಯ, ಬಲ ಹೆಬ್ಬೆರಳಿನ ಬುಡದಲ್ಲಿ. 14 ತಿಂಗಳು ಬಾಯಿ ಬಿಟ್ಟುಕೊಂಡೇ ಇತ್ತು. 22 ಸಲ ಮಾಡಿಸಿದೆ, ಒಂದೊಂದನ್ನೂ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ದಪ್ಪ ಪೆನ್ನಿನಂಥದ್ದು, ಹಿಂದೆ ಆರ್ಗಾನ್ ಸಿಲಿಂಡರ್, ಸುಂಯ್ ಅಂತ ಸದ್ದು, ತುದಿಯಲ್ಲಿ ಉಗುರಿನಷ್ಟು ಉದ್ದದ ನೇರಳೆ ಎಳೆ. ಬೆಂಕಿ ಅಂದುಕೊಂಡು ಮೊದಲ ದಿನ ಕಾಲು ಎಳೆದುಕೊಂಡೆ, ನರ್ಸ್ ನಕ್ಕುಬಿಟ್ಟರು. ಸುಡುವುದಿಲ್ಲ, ಸ್ವಲ್ಪ ಜುಮ್ ಅನ್ನುತ್ತದೆ ಅಷ್ಟೆ. ಹೊಲ ಉತ್ತ ಹಾಗೆ ಗಾಯದ ಮೇಲೆ ಆ ಕಡೆಯಿಂದ ಈ ಕಡೆಗೆ ಸಾಲು ಸಾಲಾಗಿ ಓಡಿಸುತ್ತಾರೆ. ಜೆರಾಕ್ಸ್ ಯಂತ್ರ ಬಿಸಿಯಾದಾಗ ಬರುತ್ತಲ್ಲ, ಅದೇ ವಾಸನೆ. ಓಝೋನ್ ಅಂತೆ.

ಖರ್ಚು ಕೇಳಬೇಡಿ. ವಿಮೆಯವರು "ಪ್ರಾಯೋಗಿಕ ಚಿಕಿತ್ಸೆ" ಅಂತ ಒಂದು ಸಾಲು ಬರೆದು ಕೈ ತೊಳೆದುಕೊಂಡರು. 22 ಸಲ ಅಂದರೆ 22 ಅರ್ಧ ದಿನದ ರಜೆ, ಅದರಲ್ಲಿ 15ಕ್ಕೆ ಸಂಬಳ ಕಟ್. 9ನೇ ಸಲಕ್ಕೆ ಅಂಚು ಗುಲಾಬಿ ಬಣ್ಣಕ್ಕೆ ತಿರುಗಿತು, 13ಕ್ಕೆ ಮತ್ತೆ ರಸಿಕೆ. ಎರಡು ವಾರ ನಿಲ್ಲಿಸಿ ಮಾತ್ರೆ ಕೊಟ್ಟರು, ಮುಂಗಡ ಕಟ್ಟಿದ್ದ ನಾಲ್ಕು ಸಲದ ದುಡ್ಡು ವಾಪಸ್ ಬರಲೇ ಇಲ್ಲ. ಆದರೂ ಈಗ ಮುಚ್ಚಿದೆ. ಮಾಡಿಸಿ, ಯೋಚನೆ ಮಾಡಬೇಡಿ.

ಗಟ್ಟಿಪಟ್ಟಿ: ಆ 22 ಸಲದ ಹೊತ್ತಿನಲ್ಲಿ ಕಾಲಿಗೆ ಏನು ಹಾಕಿಕೊಂಡಿದ್ದಿರಿ ಅಂತ ಹೇಳಲೇ ಇಲ್ವಲ್ಲ? ನನ್ನದೂ ಶುಗರ್ ಗಾಯವೇ. 16 ಸಲ ಪ್ಲಾಸ್ಮಾ, ಕೂದಲೆಳೆಯಷ್ಟೂ ಸುಧಾರಿಸಲಿಲ್ಲ. ಯಾಕೆ ಅಂದರೆ ಅದೇ ಗಾಯದ ಮೇಲೆ ಭಾರ ಹಾಕಿ ನಡೆದು ಹೋಗಿ, ನಡೆದೇ ವಾಪಸ್ ಬರುತ್ತಿದ್ದೆ. ಯಾರೂ ಬೇಡ ಅನ್ನಲಿಲ್ಲ. ಆಮೇಲೆ ಬೇರೆ ಡಾಕ್ಟರು ಮೊಣಕಾಲಿನವರೆಗೆ ಬಿಚ್ಚಲಾಗದ ಪಟ್ಟಿ ಹಾಕಿದರು. ವಾರಕ್ಕೊಮ್ಮೆ ಗರಗಸದಲ್ಲಿ ಕತ್ತರಿಸಿ ಹೊಸದು. ಒಳಗೆ ಕೆರೆತ, ನಿದ್ದೆ ಇಲ್ಲ, ಸ್ನಾನಕ್ಕೆ ಪ್ಲಾಸ್ಟಿಕ್ ಚೀಲ. ಒಂದು ಸಲ ಚೀಲ ತೂತಾಗಿ ಇಡೀ ಪಟ್ಟಿ ದಂಡ. 7 ವಾರಕ್ಕೆ ಗಾಯ ಮುಚ್ಚಿತು. ನೇರಳೆ ಬೆಳಕಿಗೆ ಸುರಿದ ದುಡ್ಡು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹೆಬ್ಬೆರಳು: ಭಾರ ತಡೆಯುವ ಬೂಟು ನನಗೂ ಇತ್ತು. ಪ್ಲಾಸ್ಮಾಕ್ಕಿಂತ 5 ತಿಂಗಳು ಮುಂಚಿನಿಂದಲೇ ಇತ್ತು. ಆಗ ಯಾಕೆ ವಾಸಿಯಾಗಲಿಲ್ಲ ಸ್ವಾಮಿ?

ಗಟ್ಟಿಪಟ್ಟಿ: ರಾತ್ರಿ ಬಚ್ಚಲಿಗೆ ಹೋಗುವಾಗ ಬಿಚ್ಚುತ್ತಿದ್ದಿರೋ ಇಲ್ವೋ?

ಹೆಬ್ಬೆರಳು: ನಮ್ಮ ಮನೆ ಬಚ್ಚಲಿಗೆ ನೀವು ಯಾವಾಗ ಬಂದಿದ್ದಿರಿ?

ಮೊಣಕೈ: ಪ್ಲಾಸ್ಮಾ ನಾನೂ ಮಾಡಿಸಿದ್ದೇನೆ. ನೋವು ಇದೆ ರೀ, ಸುಮ್ನೆ ಯಾಕೆ ಸುಳ್ಳು ಹೇಳೋದು. ನರ ಸಿಗದೆ ಮೂರು ಕಡೆ ಚುಚ್ಚಿದರು. ರಕ್ತವನ್ನು ಗಿರಗಿರ ತಿರುಗಿಸಿ ಹಳದಿ ನೀರು ಬೇರೆ ಮಾಡಿ ಗಾಯಕ್ಕೆ ಬಿಟ್ಟರು.

ಓದಿಕೊಂಡವನು: ಅದು ಪಿಆರ್‌ಪಿ. ನಿಮ್ಮದೇ ರಕ್ತದ ಪ್ಲಾಸ್ಮಾ. ಇಲ್ಲಿ ಮಾತಾಡುತ್ತಿರುವುದು ಅನಿಲದ ವಿಷಯ. ಆರ್ಗಾನನ್ನೋ ಗಾಳಿಯನ್ನೋ ವಿದ್ಯುತ್ತಿನಿಂದ ಕೆರಳಿಸಿದಾಗ ಆಮ್ಲಜನಕ, ಸಾರಜನಕದ ಚುರುಕು ಕಣಗಳು ಹುಟ್ಟಿ ಗಾಯದ ಮೇಲೆ ಕೆಲಸ ಮಾಡುತ್ತವೆ. 1928ರಲ್ಲಿ ಲ್ಯಾಂಗ್ಮುಯಿರ್ ಅನ್ನುವ ವಿಜ್ಞಾನಿ ಅಂಥ ಅನಿಲಕ್ಕೂ ಪ್ಲಾಸ್ಮಾ ಅಂತಲೇ ಹೆಸರಿಟ್ಟ.

ಮೊಣಕೈ: ಹಾಗಾದರೆ ತಪ್ಪು ಅವನದು, ನನ್ನದಲ್ಲ.

ಓದಿಕೊಂಡವನು: ಇರಲಿ. ಜರ್ಮನಿಯಲ್ಲಿ ಶುಗರ್ ಗಾಯದವರ ಮೇಲೆ ನಡೆದ ಪರೀಕ್ಷೆ 2020ರಲ್ಲಿ ಪ್ರಕಟವಾಗಿದೆ. ಒಂದು ಗುಂಪಿಗೆ ಪ್ಲಾಸ್ಮಾ, ಇನ್ನೊಂದಕ್ಕೆ ತೋರಿಕೆಯ ಚಿಕಿತ್ಸೆ. ಮಾಮೂಲಿ ಆರೈಕೆ ಇಬ್ಬರಿಗೂ ಇತ್ತು. ಪ್ಲಾಸ್ಮಾ ಗುಂಪಿನ ಗಾಯ ಬೇಗ ಚಿಕ್ಕದಾಯಿತು. ಸೋಂಕಿನಲ್ಲಿ ಮಾತ್ರ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಹೆಬ್ಬೆರಳು: ನೋಡಿದಿರಾ, ಬೇಗ ಚಿಕ್ಕದಾಯಿತು!

ಗಟ್ಟಿಪಟ್ಟಿ: ಚಿಕ್ಕದಾಯಿತು ಅಂದರೆ ಮುಚ್ಚಿತು ಅಂತಲ್ಲ. ಮಾಮೂಲಿ ಆರೈಕೆ ಇಬ್ಬರಿಗೂ ಇತ್ತು ಅನ್ನುವುದನ್ನು ಇನ್ನೊಂದು ಸಲ ಓದಿ.

ನಾಲ್ಕುಪದರ: ಎಲ್ಲರೂ ಶುಗರ್ ಶುಗರ್ ಅಂತಿದ್ದೀರಿ, ಮೇಡಂ ಕೇಳಿದ್ದು ವೆರಿಕೋಸ್. ನನ್ನದೂ ಅದೇ, ಎರಡು ವರ್ಷ ಅನುಭವಿಸಿದೆ. ದಿನಕ್ಕೆ ಎರಡು ಡ್ರೆಸಿಂಗ್ ನೆನೆಯುತ್ತಿತ್ತು, ಹಾಸಿಗೆಯ ಮೇಲೆ ಪ್ಲಾಸ್ಟಿಕ್ ಹಾಸಿ ಮಲಗುತ್ತಿದ್ದೆ, ವಾಸನೆಗೆ ಮೊಮ್ಮಗ ಹತ್ತಿರ ಬರುತ್ತಿರಲಿಲ್ಲ. ಕೊನೆಗೆ ಕಾಲಿಗೆ ರಕ್ತ ಸರಿಯಾಗಿ ಇಳಿಯುತ್ತಿದೆಯಾ ಅಂತ ಅಳೆದು ನೋಡಿ ನಾಲ್ಕು ಪದರದ ಬಿಗಿ ಬ್ಯಾಂಡೇಜ್ ಸುತ್ತಿದರು. ಅಳೆಯದೆ ಸುತ್ತಬಾರದು. ರಸಿಕೆ ನಿಂತಿದ್ದು ಅದರಿಂದಲೇ. ಪ್ಲಾಸ್ಮಾ ಆಮೇಲೆ 10 ಸಲ ಆಯಿತು. ಅದರಿಂದ ಏನಾಯಿತೋ ದೇವರಿಗೇ ಗೊತ್ತು, ನನಗಂತೂ ಗೊತ್ತಿಲ್ಲ. ಬ್ಯಾಂಡೇಜ್ ಬಿಟ್ಟ ಮೂರೇ ವಾರಕ್ಕೆ ಮತ್ತೆ ಬಿರಿಯಿತು.

ಹೆಬ್ಬೆರಳು: 10 ಸಲಕ್ಕೆ ನಿಲ್ಲಿಸಿದರೆ ಹಾಗೇ ಆಗೋದು.

ನಾಲ್ಕುಪದರ: ನಿಮಗೆ ಕಾಲು ನೋವಾ, ಪ್ಲಾಸ್ಮಾ ಏಜೆನ್ಸಿನಾ?

ಹಿರಿಮಗಳು: ಎಲ್ಲರಿಗೂ ಧನ್ಯವಾದ. ಪೇಸ್‌ಮೇಕರ್ ಬಗ್ಗೆ ಯಾರೂ ಹೇಳಲಿಲ್ಲ.

ಓದಿಕೊಂಡವನು: ಅಯ್ಯೋ, ನಾನೂ ಗಮನಿಸಲಿಲ್ಲ. ಯಂತ್ರ ಯಾವ ಥರದ್ದು ಅಂತ ಮೊದಲು ಕೇಳಿ. ಅನಿಲ ಊದುವ ಪೆನ್ ಒಂದು ಥರ. ಗಾಯದ ಮೇಲೇ ಬಿಲ್ಲೆ ಇಡುವುದು ಇನ್ನೊಂದು. ಅದರಲ್ಲಿ ನಮ್ಮ ಚರ್ಮವೇ ಎರಡನೇ ಎಲೆಕ್ಟ್ರೋಡ್, ಸಣ್ಣ ಕರೆಂಟು ಮೈಯಲ್ಲಿ ಹಾಯುತ್ತದೆ. ಪೇಸ್‌ಮೇಕರ್ ಹಾಕಿದ ಡಾಕ್ಟರಿಗೆ ಯಂತ್ರದ ಹೆಸರು ಬರೆದುಕೊಟ್ಟು, ಅವರು ಸರಿ ಅನ್ನುವವರೆಗೂ ಯಾವುದನ್ನೂ ಶುರು ಮಾಡಬೇಡಿ.

ಹಿರಿಮಗಳು: ಬಿಲ್ಲೆ ಥರದ್ದೇ ಇರಬೇಕು, ಅಂಗೈ ಅಗಲದ ಚಿತ್ರ ತೋರಿಸಿದ್ದರು. ನಾಳೆ ಬೆಳಿಗ್ಗೆಯೇ ಫೋನ್ ಮಾಡುತ್ತೇನೆ.

ಹೆಬ್ಬೆರಳು: ಬಚ್ಚಲಿಗೂ ಬೂಟು ಹಾಕಿಕೊಂಡೇ ಹೋಗುತ್ತಿದ್ದೆ. ಬೇಕಾದರೆ ಫೋಟೋ ಹಾಕುತ್ತೇನೆ.

ಗಟ್ಟಿಪಟ್ಟಿ: ಬೇಡ.