ಆರಿ ಆರಿ ಹೊತ್ತುವ ಬೀದಿದೀಪಕ್ಕೆ ನಿಮ್ಮ ಕಡೆ ಏನನ್ನುತ್ತಾರೆ?

ಗೆಳೆಯರೆ,

ನಮ್ಮ ಬೀದಿಯ ತಿರುವಿನಲ್ಲಿ ಒಂದು ಹಳೆಯ ಸೋಡಿಯಂ ದೀಪ. ಸಂಜೆ ಉಳಿದವುಗಳ ಜೊತೆಗೇ ಹೊತ್ತಿಕೊಂಡು, ಹೊಂಬಣ್ಣಕ್ಕೆ ತಿರುಗಿ, ಸ್ವಲ್ಪ ಹೊತ್ತು ಚೆನ್ನಾಗಿಯೇ ಉರಿಯುತ್ತಿತ್ತು. ಆಮೇಲೆ ಇದ್ದಕ್ಕಿದ್ದಂತೆ ಕತ್ತಲು. ಒಂದೆರಡು ನಿಮಿಷ ಬಿಟ್ಟು ತಾನಾಗಿಯೇ ಮಂಕಾಗಿ ಹೊತ್ತಿ, ನಿಧಾನಕ್ಕೆ ಬೆಳಕು ಕೂಡಿಸಿಕೊಂಡು, ಮತ್ತೆ ಆರುತ್ತಿತ್ತು. ಬೆಳಗಿನವರೆಗೂ ಇದೇ ಪಾಡು.

‘ಬೀದಿದೀಪ ಮಿಣುಕುತ್ತಿದೆ’ ಎಂದು ದೂರು ಬರೆದೆ. ಏಣಿ ತಂದವರು ಕಂಬದ ಜಾಯಿಂಟು ಬಿಗಿ ಮಾಡಿ, ಒಮ್ಮೆ ಹಚ್ಚಿ ನೋಡಿ ಹೋದರು. ರಾತ್ರಿ ಮತ್ತೆ ಹಾಗೇ ಆಯಿತು. ಎರಡನೆಯ ಸಲ ಆ ಪದ ಬಿಟ್ಟು ಕಂಡದ್ದನ್ನೇ ಬರೆದೆ: ‘ಪೂರ್ತಿ ಆರುತ್ತದೆ, ಎರಡು ನಿಮಿಷದ ಮೇಲೆ ತಾನೇ ಹೊತ್ತುತ್ತದೆ, ಪಕ್ಕದ ಕಂಬದ ದೀಪಕ್ಕೆ ಏನೂ ಆಗಿಲ್ಲ.’ ಬಂದವರು ಚೀಟಿ ಓದಿ, ಕಂಬ ಹತ್ತುವ ಮೊದಲೇ ‘ಬಲ್ಬ್ ವೀಕ್ ಆಗಿದೆ’ ಎಂದರು. ಹೊಸ ಬಲ್ಬು ಹಾಕಿದರು, ಸರಿಹೋಯಿತು. ಜಾಯಿಂಟು ಬಿಗಿ ಮಾಡಿದವರದೇನೂ ತಪ್ಪಲ್ಲ. ನಾನು ಬರೆದ ಪದಕ್ಕೆ ತಕ್ಕ ರಿಪೇರಿಯನ್ನೇ ಅವರು ಮಾಡಿದ್ದರು.

ಅಂದಿನಿಂದ ಈ ಪ್ರಶ್ನೆ ತಲೆಯಲ್ಲಿ ಕೂತಿದೆ. ಒಂದು ಇಡೀ ವಾಕ್ಯದಲ್ಲಿ ಹೇಳಿದ್ದಕ್ಕೆ ಕನ್ನಡದಲ್ಲಿ ಒಂದು ಪದ ಇದೆಯೆ?

ಇರುವ ಪದಗಳನ್ನು ನೋಡೋಣ. ‘ಮಿನುಗು’ ನಕ್ಷತ್ರದ್ದು, ಜರಿ ಸೀರೆಯದ್ದು. ‘ದೀಪ ಮಿನುಗುತ್ತಿದೆ’ ಎಂದರೆ ನನ್ನ ಕಿವಿಗೆ ಹೊಗಳಿಕೆಯಾಗಿಯೇ ಕೇಳುತ್ತದೆ. ‘ಮಿಣುಕು’ ಎಂದರೆ ಬೆಳಕು ಸಣ್ಣಗಿದೆ, ಹೊಳೆದು ಅಡಗುತ್ತಿದೆ ಎಂದು; ಮಿಣುಕುಹುಳ ನೆನಪಿಸಿಕೊಳ್ಳಿ. ‘ಮಿಟುಕು’, ‘ಪಿಳುಕು’ ಎರಡೂ ಕಣ್ಣಿನ ರೆಪ್ಪೆಯವು. ಇವೆಲ್ಲ ಕ್ಷಣದ ಲೆಕ್ಕದವು, ನಿಮಿಷದ ಲೆಕ್ಕದವಲ್ಲ. ಇನ್ನು ಪತ್ರಿಕೆಗಳ ‘ಕಣ್ಣಾಮುಚ್ಚಾಲೆ’. ಅದು ವಿದ್ಯುತ್ ಪೂರೈಕೆಗೆ ಅಂಟಿಕೊಂಡುಬಿಟ್ಟಿದೆ. ‘ಕರೆಂಟಿನ ಕಣ್ಣಾಮುಚ್ಚಾಲೆ’ ಎಂದರೆ ಇಡೀ ಬೀದಿಯೇ ಕತ್ತಲಾದ ಚಿತ್ರ ಬರುತ್ತದೆ. ಇಲ್ಲಿ ಕರೆಂಟು ಹೋಗಿಯೇ ಇಲ್ಲ.

‘ಮರುಕಳಿಸು’ ಜ್ವರಕ್ಕೆ ಒಪ್ಪುತ್ತದೆ, ಆದರೆ ಮರುಕಳಿಸುವುದು ರೋಗ. ‘ದೀಪ ಮರುಕಳಿಸಿತು’ ಎಂದರೆ ಬೆಳಕು ಬಂತೋ ತೊಂದರೆ ಬಂತೋ ಗೊತ್ತಾಗದು. ‘ಮಧ್ಯಂತರ’ವನ್ನು ಕೋರ್ಟಿನ ಆದೇಶಗಳಿಗೇ ಬಿಟ್ಟುಬಿಡುವುದು ಒಳ್ಳೆಯದು.

ಹೀಗೆ ಹುಡುಕುತ್ತ ನಾನು ‘ಆರು’ ಎಂಬ ಹಳೆಯ ಕ್ರಿಯಾಪದದ ಹತ್ತಿರ ಬಂದು ನಿಂತೆ. ಹಳಗನ್ನಡದಲ್ಲಿ ಇದು ಶಕಟರೇಫದ (ಈಗ ಬಳಕೆಯಲ್ಲಿಲ್ಲದ ‘ಱ’ ಅಕ್ಷರದ) ‘ಆಱು’. ಬಟ್ಟೆ ಆರುತ್ತದೆ, ಗಾಯ ಆರುತ್ತದೆ, ಕಾಫಿ ಆರುತ್ತದೆ, ದೀಪವೂ ಆರುತ್ತದೆ. ಒಣಗುವುದು, ಮಾಯುವುದು, ತಣ್ಣಗಾಗುವುದು, ಬೆಳಕು ಹೋಗುವುದು, ನಾಲ್ಕೂ ಅದರೊಳಗಿವೆ. ‘ನಂದು’ವಿಗೆ ಈ ಹರವು ಇಲ್ಲ. ನಂದಿದ ದೀಪ ನಂದಿತು, ಅಷ್ಟೆ. (ದೇವಸ್ಥಾನಗಳಿಗೆ ದತ್ತಿ ಬಿಟ್ಟ ಶಾಸನಗಳ ‘ನಂದಾದೀವಿಗೆ’ ನಂದದ ದೀಪವೇ, ತಮಿಳಿನಲ್ಲಿ ‘ನುಂದಾ ವಿಳಕ್ಕು’.)

ಸೋಡಿಯಂ ದೀಪದೊಳಗೆ ನಡೆಯುವುದನ್ನು ನೋಡಿದರೆ ‘ಆರು’ ಎಷ್ಟು ಸರಿಯಾಗಿ ಕೂರುತ್ತದೆ ಎಂಬುದು ಗೊತ್ತಾಗುತ್ತದೆ. ಈ ದೀಪದಲ್ಲಿ ತಂತಿ ಇಲ್ಲ. ಪಿಂಗಾಣಿಯಂಥ ಅಲ್ಯುಮಿನಾದ ಸಣ್ಣ ಕೊಳವೆಯೊಳಗೆ ಸೋಡಿಯಂ, ಪಾದರಸ, ಸ್ವಲ್ಪ ಕ್ಸೆನಾನ್ ಅನಿಲ ಇರುತ್ತವೆ. ಇಗ್ನೈಟರ್ ಕೆಲವು ಸಾವಿರ ವೋಲ್ಟಿನ ಪೆಟ್ಟು ಕೊಟ್ಟು ಕಿಡಿ ಹೊತ್ತಿಸುತ್ತದೆ, ಆಮೇಲೆ ಚೋಕು ಕರೆಂಟನ್ನು ಹಿಡಿತದಲ್ಲಿಡುತ್ತದೆ. ಹೊಸ ದೀಪ ಸುಮಾರು 100 ವೋಲ್ಟಿನಲ್ಲಿ ಉರಿಯುತ್ತದೆ. ವಯಸ್ಸಾದ ಹಾಗೆ ಅದು ಕೇಳುವ ವೋಲ್ಟೇಜು ಏರುತ್ತ ಹೋಗುತ್ತದೆ, ಕಾದಷ್ಟೂ ಹೆಚ್ಚು ಕೇಳುತ್ತದೆ. ಪೂರ್ತಿ ಕಾದ ಗಳಿಗೆಯಲ್ಲಿ ಚೋಕಿಗೆ ಅದನ್ನು ಪೂರೈಸಲಾಗದೆ ದೀಪ ಆರುತ್ತದೆ. ಬಿಸಿ ಕೊಳವೆಯೊಳಗೆ ಒತ್ತಡ ಹೆಚ್ಚಿರುವುದರಿಂದ ಇಗ್ನೈಟರಿನ ಪೆಟ್ಟು ನಾಟುವುದಿಲ್ಲ. ಕೊಳವೆ ತಣ್ಣಗಾಗಬೇಕು, ಅಂದರೆ ಆರಬೇಕು. ಆರಿದ ಮೇಲೆಯೇ ಹೊತ್ತುವುದು. ಒಂದೇ ಕ್ರಿಯಾಪದ ಬೆಳಕು ಹೋದದ್ದನ್ನೂ ಹೇಳಿತು, ಅದು ಮರಳಲು ಕಾಯಬೇಕಾದ ಕಾರಣವನ್ನೂ ಹೇಳಿತು! ಇದು ಹೊಳೆದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಆದ್ದರಿಂದ ಈ ದೋಷಕ್ಕೆ ‘ಆರಿಹೊತ್ತು’ ಎಂಬ ಜೋಡಿಪದ ಸೂಚಿಸುತ್ತೇನೆ: ದೀಪ ಆರಿಹೊತ್ತುತ್ತಿದೆ, ಇದು ಆರಿಹೊತ್ತುವ ದೀಪ. ಒಂದು ತೊಡಕಿದೆ. ‘ಹೊತ್ತು’ ಎಂದರೆ ಸಮಯವೂ ಹೌದು, ‘ಹೊರು’ವಿನ ಭೂತರೂಪವೂ ಹೌದು. ಆದರೆ ಬೆಂಕಿಯ ‘ಹೊತ್ತು’ (ಹಳಗನ್ನಡದ ‘ಪೊತ್ತು’) ಇನ್ನೂ ಬದುಕಿದೆ. ಅನ್ನ ತಳ ಹೊತ್ತಿದಾಗ ಯಾರಿಗೂ ಗಲಿಬಿಲಿ ಆಗುವುದಿಲ್ಲ.

ಎಣ್ಣೆ ದೀಪದ ಮಾತನ್ನು ವಿದ್ಯುತ್ತಿಗೆ ಹೊಂದಿಸುವುದು ಹೊಸದೇನೂ ಅಲ್ಲ. 1905ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಬತ್ತಿ ಹೋಗಿ ಸ್ವಿಚ್ಚು ಬಂದರೂ ನಾವು ದೀಪವನ್ನು ‘ಹಚ್ಚು’ತ್ತಲೇ ಇದ್ದೇವೆ, ‘ಆರಿಸು’ತ್ತಲೇ ಇದ್ದೇವೆ. ನಮ್ಮ ಅಜ್ಜಿ ದೇವರ ದೀಪಕ್ಕೆ ‘ಆರಿಸು’ ಅನ್ನಲು ಬಿಡುತ್ತಿರಲಿಲ್ಲ, ‘ಶಾಂತ ಮಾಡು’ ಅನ್ನಬೇಕಿತ್ತು. ಬೀದಿದೀಪಕ್ಕೆ ಆ ಮಡಿ ಇರಲಿಲ್ಲ.

ಬೇರೆ ದೋಷಗಳಿಗೆ ಬೇರೆ ಪದ ಉಳಿಸಿಕೊಂಡರೆ ಉಪಯೋಗವಿದೆ. ಗಾಳಿ ಬೀಸಿದಾಗ ಮಾತ್ರ ಬೆಳಕು ಹೋಗಿ ಬಂದರೆ, ಪಿಳಿಪಿಳಿ ಎಂದರೆ, ಅದು ಸಡಿಲ ಜಾಯಿಂಟಿನ ಲಕ್ಷಣ, ‘ಮಿಣುಕು’ ಅದಕ್ಕಿರಲಿ. ಡ್ರೈವರು (ಎಲ್‌ಇಡಿಗೆ ಬೇಕಾದಂತೆ ಕರೆಂಟು ಹೊಂದಿಸುವ ಭಾಗ) ಕೆಟ್ಟ ಎಲ್‌ಇಡಿ ಕ್ಷಣಕ್ಷಣಕ್ಕೂ ಹೊಡೆದುಕೊಳ್ಳುವುದನ್ನು ‘ಮಿಟುಕು’ ಎನ್ನಬಹುದು. ಆದರೆ ಎಲ್‌ಇಡಿಯೂ ಆರಿಹೊತ್ತುವುದುಂಟು: ಡ್ರೈವರು ಅತಿಯಾಗಿ ಕಾದು ತನ್ನನ್ನು ತಾನೇ ನಿಲ್ಲಿಸಿಕೊಂಡು, ತಣಿದ ಮೇಲೆ ಮತ್ತೆ ಶುರುವಾಗುತ್ತದೆ. ಅಲ್ಲಿಯೂ ಆರಬೇಕು, ಪದ ಅಲ್ಲಿಯೂ ಸಲ್ಲುತ್ತದೆ. ಬೆಳಕು ಕತ್ತಲೆ ಗುರುತಿಸಿ ದೀಪ ಆರಿಸಿ ಹಚ್ಚುವ ಫೋಟೋಸೆಲ್ಲಿನ ದೋಷ ಮಾತ್ರ ನನ್ನನ್ನು ಕಾಡುತ್ತಿದೆ. ದೀಪದ ಬೆಳಕು ಎದುರಿನ ಬಿಳಿ ಗೋಡೆಗೋ ಕೊಂಬೆಗೋ ಬಡಿದು ಸೆಲ್ಲಿಗೆ ಬಿದ್ದರೆ, ಅದು ಬೆಳಗಾಯಿತೆಂದು ದೀಪ ಆರಿಸುತ್ತದೆ. ಕತ್ತಲಾದೊಡನೆ ರಾತ್ರಿಯೆಂದು ಮತ್ತೆ ಹಚ್ಚುತ್ತದೆ. ನೋಡುವವರಿಗೆ ಇದೂ ಆರಿಹೊತ್ತುವುದೇ, ಆದರೆ ಬಲ್ಬು ಬದಲಿಸಿದರೆ ಪ್ರಯೋಜನವಿಲ್ಲ, ಸೆಲ್ಲಿನ ಮುಖ ತಿರುಗಿಸಬೇಕು. ಇಲ್ಲಿ ದೀಪ ತಾನಾಗಿ ಆರುವುದಿಲ್ಲ, ಇನ್ನೊಂದು ಅದನ್ನು ಆರಿಸುತ್ತದೆ. ‘ಆರಿಹೊತ್ತು’ವಿನ ಪಕ್ಕಕ್ಕೆ ‘ಆರಿಸಿಹಚ್ಚು’ ಸಾಕೆ? ನನಗೆ ಪೂರ್ತಿ ಸಮಾಧಾನವಿಲ್ಲ.

ಲೈನ್‌ಮನ್‌ಗಳ ಮಾತನ್ನೂ ಕಡೆಗಣಿಸಬಾರದು. ಅವರ ‘ವೀಕ್’ ಬಹಳ ನಿಖರವಾದ ಮಾತು: ಹೊಳಪು ಕಡಿಮೆ ಎಂದಲ್ಲ, ಕಾವಿನಲ್ಲಿ ಬಾಳಿಕೆ ಉಳಿದಿಲ್ಲ ಎಂದು. ಅದಕ್ಕೆ ‘ದಣಿದ ಬಲ್ಬು’ ಎನ್ನಬಹುದೇನೋ.

ನಿಮ್ಮಲ್ಲಿ ಕೇಳುವುದಿಷ್ಟು. ಮಳೆ ಬಿಟ್ಟು ಬಿಟ್ಟು ಬಂದರೆ ನಡುವಿನ ಬಿಡುವಿಗೆ ಮಲೆನಾಡಿನಲ್ಲಿ ‘ಹೊಳವು’ ಎನ್ನುತ್ತಾರೆ. ದೀಪ ಆರಿ ಮತ್ತೆ ಹೊತ್ತುವ ನಡುವಿನ ಆ ಎರಡು ನಿಮಿಷಕ್ಕೆ ಅಂಥ ಹೆಸರು ನಿಮ್ಮ ಕಡೆ ಇದೆಯೆ? ಧಾರವಾಡ, ಕಲಬುರಗಿ, ಕುಂದಾಪುರದ ಕಡೆಯವರು ಇಂಥ ದೀಪ ಕಂಡಾಗ ಮನೆಯಲ್ಲಿ ಏನೆನ್ನುತ್ತೀರಿ? ವಿದ್ಯುತ್ ಕೆಲಸದವರು ಯಾರಾದರೂ ಇಲ್ಲಿದ್ದರೆ, ಕಂಬದ ಮೇಲಿರುವವರಿಗೆ ಕೆಳಗಿನಿಂದ ಕೂಗಿ ಹೇಳುವಾಗ ಬಳಸುವ ಮಾತನ್ನೇ, ತಿದ್ದದೆ, ಬರೆಯಿರಿ.