ಅಪ್‌ಡೇಟ್: ನೆಲ್ಲಿಕಾಯಿ ಸಾರಕ್ಕೆ ಎಂಟಿಟಿ 100% ಮೀರಿದ್ದು ಯಾಕೆ ಅಂತ ಗೊತ್ತಾಯಿತು

ಎಂಟಿಟಿ ಎಂದರೆ ಬದುಕಿರುವ ಕೋಶಗಳು ಅಪಕರ್ಷಿಸಿ (ಎಲೆಕ್ಟ್ರಾನ್ ಕೊಟ್ಟು) ನೇರಳೆ ಮಾಡುವ ಹಳದಿ ವಸ್ತು; ನೇರಳೆ ಹೆಚ್ಚಿದಷ್ಟೂ ಬದುಕಿರುವ ಕೋಶಗಳು ಹೆಚ್ಚು ಎಂದು ಲೆಕ್ಕ. ಈ ಪರೀಕ್ಷೆಯಲ್ಲಿ ನೆಲ್ಲಿಕಾಯಿ ಸಾರದ ಸಾಂದ್ರತೆ ಏರಿಸಿದಷ್ಟೂ ಹೆಲಾ ಕೋಶಗಳ (ಲ್ಯಾಬಿನಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶಗಳು) ಬದುಕುಳಿವು 100% ದಾಟುತ್ತಿದೆ, ಯಾಕೆ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಕೋಶಗಳಿಲ್ಲದ ವೆಲ್‌ಗೆ (ಪ್ಲೇಟಿನ ಗುಳಿ) ಮೀಡಿಯಂ (ಕೋಶ ಬೆಳೆಸುವ ದ್ರವ), ಸಾರ, ಎಂಟಿಟಿ ಮಾತ್ರ ಹಾಕಿ ನೋಡಿ ಎಂದಿರಿ. ಅಲ್ಲೂ ನೇರಳೆ ಬಣ್ಣ ಬಂತು! ಸಾರದ ಟ್ಯಾನಿನ್, ವಿಟಮಿನ್ ಸಿ ಇವೇ ಎಂಟಿಟಿಯನ್ನು ಅಪಕರ್ಷಿಸುತ್ತಿದ್ದವು. ಕೋಶಗಳ ಪಾತ್ರವೇ ಇರಲಿಲ್ಲ.

ಈಗಿನ ಕ್ರಮ: 24 ಗಂಟೆಯ ನಂತರ ಸಾರವಿರುವ ಮೀಡಿಯಂ ತೆಗೆದು, ಪ್ರತಿ ವೆಲ್‌ಗೆ 200 ಮೈಕ್ರೋಲೀಟರ್ ಬೆಚ್ಚಗಿನ ಪಿಬಿಎಸ್‌ನಿಂದ (ಕೋಶ ತೊಳೆಯುವ ಉಪ್ಪಿನ ಬಫರ್ ದ್ರಾವಣ) ಎರಡು ಸಲ ತೊಳೆಯುವುದು. ಆಮೇಲೆ ಮಿ.ಲೀ.ಗೆ 0.5 ಮಿ.ಗ್ರಾಂ ಎಂಟಿಟಿ ಇರುವ, ಫೀನಾಲ್ ರೆಡ್ (ಮೀಡಿಯಂಗೆ ಹಾಕುವ ಸೂಚಕ ಬಣ್ಣ) ಇಲ್ಲದ ಹೊಸ ಮೀಡಿಯಂ 100 ಮೈಕ್ರೋಲೀಟರ್, 3 ಗಂಟೆ. ಆಗ ಮೂಡುವ ನೇರಳೆ ಹರಳುಗಳನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ 570 ನ್ಯಾನೋಮೀಟರ್‌ನಲ್ಲಿ ಬೆಳಕಿನ ಹೀರಿಕೆ ಓದಿ, ಹಿನ್ನೆಲೆಯಾಗಿ 630ರ ಓದನ್ನು ಕಳೆಯುವುದು. ಸಾರ ಕರಗಿಸಲು ಬಳಸಿದ ಡಿಎಂಎಸ್‌ಒ ಪ್ರಮಾಣ, ಸಾರ ಹಾಕದ ಕಂಟ್ರೋಲ್ ಸೇರಿ ಎಲ್ಲ ವೆಲ್‌ಗಳಲ್ಲೂ, 0.5% ಇರಲೇಬೇಕು.

ತೊಳೆಯುವಾಗ ಮಾತ್ರ ಬಹಳ ಎಚ್ಚರ. ತಳದಿಂದ ಅರ್ಧ ಬಿಟ್ಟುಕೊಂಡ ಕೋಶಗಳು ಪಿಪೆಟ್ ರಭಸಕ್ಕೆ ಕೊಚ್ಚಿಹೋದರೆ ಸಾರ ಇರುವುದಕ್ಕಿಂತ ಹೆಚ್ಚು ವಿಷವಾಗಿ ಕಾಣುತ್ತದೆ. ಪ್ಲೇಟ್ ಓರೆ ಹಿಡಿದು, ಪಿಬಿಎಸ್ ಅನ್ನು ವೆಲ್‌ನ ಗೋಡೆಯ ಮೇಲೆ ಮೆಲ್ಲಗೆ ಬಿಡಿ. ಮೊದಲು ಮತ್ತು ನಂತರ ಸೂಕ್ಷ್ಮದರ್ಶಕದಲ್ಲಿ ನೋಡಿ.

ಅಪಕರ್ಷಣೆಯನ್ನು ಅವಲಂಬಿಸದ ಎಸ್‌ಆರ್‌ಬಿ ಪರೀಕ್ಷೆಯಲ್ಲೂ (ಕೋಶಗಳ ಪ್ರೋಟೀನ್‌ಗೆ ಅಂಟುವ ಬಣ್ಣವನ್ನು ಅಳೆಯುವುದು) ಸರಿನೋಡುತ್ತಿದ್ದೇನೆ. ಹಳೆಯ ಓದುಗಳಿಂದ ಕಟ್ಟಿದ ಐಸಿ50 (ಬದುಕುಳಿವನ್ನು ಅರ್ಧಕ್ಕೆ ಇಳಿಸುವ ಸಾಂದ್ರತೆ) ಅಂಕಿಗಳನ್ನೆಲ್ಲ ಕೈಬಿಟ್ಟಿದ್ದೇನೆ. ದಾರಿ ತೋರಿಸಿದ ಎಲ್ಲರಿಗೂ ಧನ್ಯವಾದ.